ನಲವತ್ತಮೂರು ಹಸಿರು ಚುಕ್ಕೆ

ಕಲ್ಲು ಸಿಡಿಸುವ ಮುಂಚೆ ಕ್ವಾರಿಯಲ್ಲಿ ಮೂರು ಸಲ ಸೈರನ್ ಕೂಗಿಸುತ್ತಾರೆ. ಮೊದಲನೆಯದು ಕೇಳಿದ ಕೂಡಲೇ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಎಲ್ಲರೂ ಮೇಲೆ ಬಂದುಬಿಡಬೇಕು. ಎರಡನೆಯದಕ್ಕೆ ತಲೆ ಎಣಿಕೆ. ಮೂರನೆಯದು ನಿಂತು ಹತ್ತು ಎಣಿಸುವುದರೊಳಗೆ ಕಾಲಡಿಯ ನೆಲ ಅದುರುತ್ತದೆ. ಎರಡನೆಯ ಸೈರನ್ನಿಗೂ ಮೂರನೆಯದಕ್ಕೂ ನಡುವೆ ಹೋಗುತ್ತಿದ್ದ ಅರ್ಧ ಗಂಟೆಯನ್ನು ಎರಡು ನಿಮಿಷಕ್ಕೆ ಇಳಿಸಿಕೊಡಬೇಕು ಎಂಬುದು ನಮಗೆ ಬಂದ ಕೆಲಸ.

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಶಿಡ್ಲಘಟ್ಟದ ನಮ್ಮ ಮನೆಯ ಹಿಂದೆ ಅಬ್ಬಾ ರೇಷ್ಮೆ ನೂಲು ಬಿಚ್ಚಿಸುತ್ತಿದ್ದರು. ಅಲ್ಲಿನ ಬಾಯ್ಲರು ಸ್ವಲ್ಪ ಬುಸುಗುಟ್ಟಿದರೆ ನಾನು ಬೀದಿಯಲ್ಲಿರುತ್ತಿದ್ದೆ. ದೀಪಾವಳಿಯ ಮೂರು ದಿನವೂ ಕಿವಿಗೆ ಹತ್ತಿ. ಅಂಥವಳನ್ನು ಕಲ್ಲು ಕ್ವಾರಿಗೆ ಕಳಿಸಿದ್ದಕ್ಕೆ ಒಂದೇ ಕಾರಣ, ಬೆಂಗಳೂರಿನ ನಮ್ಮ ಪುಟ್ಟ ಕಂಪನಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಬರುತ್ತಿದ್ದವಳು ನಾನೊಬ್ಬಳೇ. "ಅಲ್ಲಿ ಮೂರೂ ಬೇಕಾಗತ್ತೆ ಕಣಮ್ಮ. ನಿಮ್ಮೂರಿಗೂ ಹತ್ರ," ಎಂದರು ಕಂಪನಿಯ ಯಜಮಾನರು. ಚಿಕ್ಕಬಳ್ಳಾಪುರ ಆಗತಾನೇ ಜಿಲ್ಲೆಯಾಗಿತ್ತು. ಹೊಸ ಜಿಲ್ಲಾ ಆಫೀಸಿನಲ್ಲಿ ಕಂಪ್ಯೂಟರ್ ಜೋಡಿಸುವ ಕೆಲಸ ಎಂದು ಅಮ್ಮಿಗೆ ಸುಳ್ಳು ಹೇಳಿ ಬೆಳಗಿನ ಬಸ್ಸು ಹತ್ತಿದೆ.

ಕ್ವಾರಿ ಇದ್ದದ್ದು ಗೌರಿಬಿದನೂರು ರಸ್ತೆಯಿಂದ ಎಡಕ್ಕೆ ತಿರುಗಿ, ಟಿಪ್ಪರ್ ಲಾರಿಗಳು ಎಬ್ಬಿಸಿದ ಬಿಳಿ ಧೂಳಿನಲ್ಲಿ ಮೂರು ಕಿಲೋಮೀಟರ್ ಒಳಗೆ. ಅರ್ಧ ಗುಡ್ಡ ತಿಂದು ಮುಗಿಸಿ, ಇನ್ನರ್ಧಕ್ಕೆ ಬಾಯಿ ಹಾಕಿದ್ದ ದೊಡ್ಡ ಗುಂಡಿ. ಗುಂಡಿಯ ಮೇಲೆ ಒಂದು ಆಫೀಸು ಕೋಣೆ, ಅದಕ್ಕೆ ಅಂಟಿಕೊಂಡಂತೆ ತಗಡಿನ ಊಟದ ಶೆಡ್ಡು, ಸ್ವಲ್ಪ ದೂರದಲ್ಲಿ ಜಲ್ಲಿ ಮಾಡುವ ಕ್ರಷರ್. ಹೋದ ದಿನವೇ ಮಧ್ಯಾಹ್ನ ಒಂದಕ್ಕೆ ಸಿಡಿತ ಇತ್ತು. ಮೂರನೆಯ ಸೈರನ್ ನಿಂತಿತು. ನಾನು ಹತ್ತು ಎಣಿಸುವುದಿರಲಿ, ನಾಲ್ಕಕ್ಕೇ ಲ್ಯಾಪ್‌ಟಾಪ್ ಎದೆಗವಚಿಕೊಂಡು ಮೇಜಿನ ಕೆಳಗೆ ಸೇರಿದ್ದೆ. ಶಬ್ದಕ್ಕಿಂತ ಮೊದಲು ನೆಲ ಬಂದು ಮೊಣಕಾಲಿಗೆ ಹೊಡೆಯಿತು. ಆಮೇಲೆ ತಗಡಿನ ಮೇಲೆ ಸಣ್ಣ ಕಲ್ಲುಗಳು ಬಿದ್ದವು.

"ಎದ್ದೇಳಮ್ಮ. ಇದು ಚಿಕ್ಕದು," ಎಂದರು ಮೇಸ್ತ್ರಿ.

ಮೇಸ್ತ್ರಿ ಅರವತ್ತರ ಹತ್ತಿರದವರು, ಕೂಲಿಯವರ ಮೇಲ್ವಿಚಾರಣೆ ಅವರದು. ಇಷ್ಟು ವರ್ಷ ತಲೆ ಎಣಿಸುತ್ತಿದ್ದವರೂ ಅವರೇ. ಉದ್ದ ಪುಸ್ತಕ ಹಿಡಿದು ಒಂದೊಂದೇ ಹೆಸರು ಕೂಗುವುದು, ಓಗೊಡದವರನ್ನು ಹುಡುಕಿಕೊಂಡು ಗುಂಡಿಗೆ ಇಳಿಯುವುದು. ಈ ಅರ್ಧ ಗಂಟೆ ಕ್ವಾರಿಯ ಮ್ಯಾನೇಜರಿಗೆ ದಂಡ ಅನ್ನಿಸುತ್ತಿತ್ತು. ದಿನಕ್ಕೊಂದರ ಬದಲು ಎರಡು ಸಿಡಿತ ಮಾಡಿಸುವ ಆಸೆ ಅವರದು.

ನಮ್ಮ ಉಪಾಯ ಹೇಳುವುದಕ್ಕೆ ಸುಲಭ. ಪ್ರತಿಯೊಬ್ಬ ಕೆಲಸಗಾರರ ಹತ್ತಿರ ಬೆಂಕಿಪೊಟ್ಟಣದಷ್ಟು ದೊಡ್ಡ ಆರ್‌ಎಫ್‌ಐಡಿ ಬಿಲ್ಲೆ. ಒಳಗೆ ಪುಟ್ಟ ಬ್ಯಾಟರಿ. ಐದು ಸೆಕೆಂಡಿಗೊಮ್ಮೆ ಅದು ತನ್ನ ನಂಬರನ್ನು ಗಾಳಿಗೆ ಬಿಡುತ್ತದೆ. ಗುಂಡಿಯ ಸುತ್ತ ಕಂಬ ನೆಟ್ಟು ಕೂರಿಸಿದ ವೈರ್‌ಲೆಸ್ ಪೆಟ್ಟಿಗೆಗಳು ಅದನ್ನು ಕೇಳಿಸಿಕೊಳ್ಳುತ್ತವೆ; ಅವು ಕರೆಯದಿದ್ದರೆ ಬಿಲ್ಲೆಯೂ ಸುಮ್ಮನಿರುತ್ತದೆ. ಯಾವ ಪೆಟ್ಟಿಗೆಗೆ ಎಷ್ಟು ಜೋರಾಗಿ ಕೇಳಿಸಿತು ಎಂಬುದರ ಮೇಲೆ ಬಿಲ್ಲೆ ಎಲ್ಲಿದೆ ಎಂದು ಕಂಪ್ಯೂಟರು ಲೆಕ್ಕ ಹಾಕಿ ಪರದೆಯ ಮೇಲೆ ಚುಕ್ಕೆ ಇಡುತ್ತದೆ. ಅಪಾಯದ ಜಾಗದಲ್ಲಿದ್ದರೆ ಕೆಂಪು, ಹೊರಗಿದ್ದರೆ ಹಸಿರು. ಒಟ್ಟು ನಲವತ್ತಮೂರು ಜನ, ಹದಿನೇಳು ಹೆಂಗಸರು, ಇಪ್ಪತ್ತಾರು ಗಂಡಸರು. ನಲವತ್ತಮೂರೂ ಹಸಿರಾದರೆ ಮೂರನೆಯ ಸೈರನ್.

ಕಂಬ ನೆಡುವುದಕ್ಕೂ ಮೊದಲು ಮದ್ದು ಸಿಡಿಸುವವರ ಒಪ್ಪಿಗೆ ಬೇಕಿತ್ತು. ಅವರು ಅಲೀಪುರದವರು, ನರೆತ ಗಡ್ಡ, ಸರಕಾರದ ಪರವಾನಗಿ ಇದ್ದವರು. ಸಿಡಿಸುವ ಪೆಟ್ಟಿಗೆಯ ಕೀಲಿಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ನಾನು ಅವರನ್ನು ಚಾಚಾ ಎಂದೆ, ಅವರು ನನ್ನನ್ನು ಬೇಟಿ ಎಂದರು. ಮಿಕ್ಕಿದ್ದೆಲ್ಲ ಜಗಳವೇ.

"ನಿನ್ ಪೆಟ್ಟಿಗೆ ಗಾಳೀಲಿ ಕರೆಂಟ್ ಬಿಡತ್ತೆ. ನನ್ ಕೇಪು ಕರೆಂಟಲ್ಲಿ ಸಿಡಿಯತ್ತೆ. ಇವೆರಡಕ್ಕೂ ಲಗ್ನ ಮಾಡಿಸ್ತೀಯಾ ಬೇಟಿ?"

ಜಿಲೆಟಿನ್ನನ್ನು ಸಿಡಿಸುವ ಪುಟ್ಟ ನಳಿಗೆಗೆ ಅಲ್ಲಿ ಕೇಪು ಎನ್ನುತ್ತಾರೆ. ಅದರ ತಂತಿ ಆಂಟೆನಾ ಥರ ವರ್ತಿಸಿ, ಹತ್ತಿರದ ರೇಡಿಯೋ ಅಲೆಯಿಂದಲೇ ಸಿಡಿಯಬಹುದು ಎಂಬುದು ಪುಸ್ತಕದಲ್ಲಿರುವ ಮಾತು. ನನಗೆ ಅದು ಗೊತ್ತೇ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಬೆಂಗಳೂರಿಗೆ ಫೋನ್ ಮಾಡಿ ಯಾವ ಶಕ್ತಿಗೆ ಎಷ್ಟು ದೂರ ಎಂಬ ಪಟ್ಟಿಯನ್ನು ತರಿಸಿಕೊಂಡೆ. ನಮ್ಮ ಪೆಟ್ಟಿಗೆಗಳ ಶಕ್ತಿ ತೀರಾ ಕಡಿಮೆ, ಕೆಲವು ಮಾರು ದೂರವಿದ್ದರೆ ಸಾಕಿತ್ತು. ನಾನು ಅದರ ಹತ್ತು ಪಟ್ಟು ದೂರ ಕಂಬ ಗುರುತು ಹಾಕಿದೆ. ಚಾಚಾ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಓದಿ, ಇನ್ನೊಂದು ಷರತ್ತು ಹಾಕಿದರು. ಅವರು ಬಂಡೆಯಲ್ಲಿ ಕೊರೆದ ಮದ್ದಿನ ಕುಳಿಗಳ ಹತ್ತಿರ ಇರುವಷ್ಟು ಹೊತ್ತು ನನ್ನದು ಒಂದೂ ಉಸಿರಾಡಕೂಡದು. ಅವರು ಗುಡ್ಡದಾಚೆ ತಮ್ಮ ಬಂಡೆಯ ಮರೆಗೆ ಹೋಗಿ ಕೂತ ಮೇಲೆಯೇ ಚಾಲೂ ಮಾಡಬೇಕು. ಅದಕ್ಕಾಗಿ ಕಂಬಗಳ ಕರೆಂಟನ್ನೆಲ್ಲ ಆಫೀಸು ಕೋಣೆಯ ಒಂದೇ ಫ್ಯೂಸ್ ಬೋರ್ಡಿಗೆ ತಂದು ಕೂಡಿಸಿದೆ. ಸೈರನ್ನಿನದೂ ಅದೇ ಬೋರ್ಡು.

ಕಂಬ ನೆಡಲು ಬಂಡೆಯಲ್ಲಿ ತೂತು ಕೊರೆದುಕೊಟ್ಟವನು ಡ್ರಿಲ್ಲರ್. ಇಪ್ಪತ್ತು ವರ್ಷ ಕಂಪ್ರೆಸರ್ ಮಿಷನ್ನು ಹಿಡಿದು ಅವನಿಗೆ ಕಿವಿ ಪೂರ್ತಿ ಹೋಗಿತ್ತು. ಸೈರನ್ ಅವನಿಗೆ ಕೇಳಿಸದು. ಮೇಸ್ತ್ರಿ ದಿನವೂ ಗುಂಡಿಗೆ ಇಳಿದು ಅವನ ಭುಜ ಮುಟ್ಟಿ ಕರೆತರುತ್ತಿದ್ದರು. ನಾನು ಏಣಿ ಹತ್ತಿ ಪೆಟ್ಟಿಗೆ ಕೂರಿಸುವಾಗ ಕೆಳಗೆ ಏಣಿ ಹಿಡಿಯುತ್ತಿದ್ದವನೂ ಅವನೇ. ನನ್ನ ಕಾಲು ನಡುಗಿದರೆ ಏಣಿ ನಡುಗುತ್ತದಲ್ಲ, ಅದು ಅವನ ಕೈಗೆ ಗೊತ್ತಾಗುತ್ತಿತ್ತು. ಆಗ ಏಣಿಯ ಕಂಬಿಯನ್ನು ಎರಡು ಸಲ ತಟ್ಟುತ್ತಿದ್ದ, ನಾನಿದ್ದೀನಿ ಎಂಬ ಹಾಗೆ. ಅವನ ಹೆಂಡತಿಯೂ ಅಲ್ಲೇ ಜಲ್ಲಿ ಬುಟ್ಟಿ ಹೊರುತ್ತಿದ್ದಳು. ತೆಲುಗು ಬೆರೆಸಿ ಮಾತಾಡುವ, ಜೋರು ನಗೆಯ ಹೆಂಗಸು.

ಮೊದಲ ವಾರ ಬರೀ ಸೋಲು. ಟಿಪ್ಪರ್ ಚಕ್ರಕ್ಕೆ ಸಿಕ್ಕಿ ಕೇಬಲ್ ತುಂಡಾಯಿತು. ಹೂತಿಟ್ಟರೆ ಜಲ್ಲಿಯ ಭಾರಕ್ಕೆ ಸೀಳಿತು, ಕೊನೆಗೆ ತಂತಿ ಕಟ್ಟಿ ಮೇಲಿನಿಂದ ಎಳೆದೆವು. ಪೆಟ್ಟಿಗೆಗಳ ಒಳಗೆ ಧೂಳು ತುಂಬಿ ಬಿಸಿಯಾಗಿ ನಿಂತುಹೋದವು. ಅವಕ್ಕೆಲ್ಲ ರಬ್ಬರ್ ಪಟ್ಟಿ ಹಾಕಿದೆ. ಇವು ಪರವಾಗಿಲ್ಲ. ನನ್ನನ್ನು ಅಳಿಸಿದ್ದು ಜಾಗದ ಲೆಕ್ಕ. ಬಿಲ್ಲೆ ಹಿಡಿದು ಗುಂಡಿಯ ತುಂಬ ನಡೆದು, ಹತ್ತು ಹೆಜ್ಜೆಗೊಮ್ಮೆ ನಿಂತು, ಅಲ್ಲಿಂದ ಯಾವ ಪೆಟ್ಟಿಗೆಗೆ ಎಷ್ಟು ಕೇಳಿಸುತ್ತದೆ ಎಂದು ಕಂಪ್ಯೂಟರಿಗೆ ಕಲಿಸಬೇಕು. ಸಿಡಿತಕ್ಕೆ ರಜೆಯಿದ್ದ ಎರಡು ದಿನ ಬಿಸಿಲಲ್ಲಿ ಸುಟ್ಟುಕೊಂಡು ಕಲಿಸಿದೆ. ಮೂರನೆಯ ದಿನ ಸಿಡಿತವಾಯಿತು. ಬಂಡೆಯ ಗೋಡೆ ಹಿಂದಕ್ಕೆ ಸರಿಯಿತು, ಹೊಸ ಕಲ್ಲಿನ ರಾಶಿ ಬಿತ್ತು, ಅಲೆಗಳು ಬೇರೆ ದಾರಿ ಹಿಡಿದವು. ಕಲಿಸಿದ್ದೆಲ್ಲ ನೀರಿನಲ್ಲಿ ಹೋಮ. ಮೇಲೆ ಕುಳಿತಿದ್ದ ನನ್ನನ್ನೇ ಪರದೆ ಗುಂಡಿಯ ನಡುಮಧ್ಯೆ ತೋರಿಸಿತು.

ಆಗ ಒಂದು ನಿರ್ಧಾರ ಮಾಡಿದೆ. ಯಾರು ಎಷ್ಟು ಅಡಿ ಆಚೆ ಈಚೆ ಎಂಬ ಜಂಭ ಬೇಡ. ಗುಂಡಿ, ಲಾರಿ ದಾರಿ, ಕ್ರಷರ್, ಶೆಡ್ಡು ಎಂದು ನಾಲ್ಕೇ ಭಾಗ ಮಾಡಿ, ಬಿಲ್ಲೆ ಯಾವ ಭಾಗದಲ್ಲಿದೆ ಎಂದಷ್ಟೇ ಹೇಳಿದರೆ ಸಾಕು. ಶೆಡ್ಡಿಗೆಂದೇ ಒಂದು, ಕ್ರಷರಿಗೆಂದೇ ಒಂದು ಪೆಟ್ಟಿಗೆ ಕೊಟ್ಟೆ. ಇದು ನಿಂತಿತು.

ಬಿಲ್ಲೆ ಹಂಚುವ ದಿನ ಎಲ್ಲರನ್ನೂ ಶೆಡ್ಡಿನಲ್ಲಿ ಕೂರಿಸಿ ಭಾಷಣ ಮಾಡಿದೆ. ಕನ್ನಡದಲ್ಲಿ, ತೆಲುಗಿನಲ್ಲಿ, ಇಬ್ಬರಿಗೆ ಉರ್ದುವಿನಲ್ಲೂ. ಇದು ನಿಮ್ಮ ಪ್ರಾಣ ಕಾಯುವ ವಸ್ತು, ಹೊರದೇಶದಿಂದ ಬಂದದ್ದು, ಒಡೆದರೆ ಕಳೆದರೆ ಮತ್ತೆ ಸಿಗುವುದಿಲ್ಲ, ಮನೆಯ ಚಿನ್ನ ಹೇಗೆ ಜೋಪಾನ ಮಾಡುತ್ತೀರೋ ಹಾಗೆ ಮಾಡಿ ಎಂದೆ. ಎಲ್ಲರೂ ತಲೆಯಾಡಿಸಿದರು. ಡ್ರಿಲ್ಲರನ ಹೆಂಡತಿ ತನ್ನದನ್ನೂ ಗಂಡನದನ್ನೂ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ನನ್ನ ಭಾಷಣದ ಬಗ್ಗೆ ನನಗೇ ಹೆಮ್ಮೆಯಾಯಿತು. ಮೈಮೇಲೆ ಇಟ್ಟುಕೊಳ್ಳಿ ಎಂದು ಬೇರೆಯಾಗಿ ಹೇಳಬೇಕು ಎಂದು ಹೊಳೆಯಲೇ ಇಲ್ಲ.

ನಾಲ್ಕು ದಿನ ಜೊತೆ ಜೊತೆಗೆ ನಡೆಸಿ ನೋಡಿದೆವು. ಮೇಸ್ತ್ರಿ ಹೆಸರು ಕೂಗಿ ನಲವತ್ತಮೂರು ಎಂದಾಗಲೆಲ್ಲ ಪರದೆಯೂ ನಲವತ್ತಮೂರು ಎನ್ನುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ. ಶೆಡ್ಡಿನ ಚುಕ್ಕೆಗಳು ಮಾತ್ರ ತಿಳಿ ಹಸಿರಾಗಿ ಕಾಣುತ್ತಿದ್ದವು. ಸದ್ದು ಕ್ಷೀಣವಾಗಿ ಕೇಳಿಸಿದರೆ ಚುಕ್ಕೆ ಹಾಗೆ ತಿಳಿಯಾಗುತ್ತದೆ. ತಗಡಿನ ಛಾವಣಿಯ ಕಾರುಬಾರು ಇರಬೇಕು ಎಂದುಕೊಂಡು ಸುಮ್ಮನಾದೆ.

ಐದನೆಯ ದಿನ ನಮ್ಮ ಯಜಮಾನರೇ ಬೆಂಗಳೂರಿನಿಂದ ಬಂದರು. ಅವತ್ತಿನ ಸಿಡಿತ ದೊಡ್ಡದು, ಎರಡು ಸಾಲು ಕುಳಿ. ಮ್ಯಾನೇಜರು ಮೇಸ್ತ್ರಿಗೆ ಹೇಳಿದರು, "ಇವತ್ತಿಂದ ನಿಮ್ ಪುಸ್ತಕಕ್ಕೆ ರಜ. ಇಲ್ಲೇ ನಿಂತು ನೋಡಿ, ಹೆಂಗೆ ಎರಡೇ ನಿಮಿಷಕ್ಕೆ ಮುಗಿಯತ್ತೆ ಅಂತ."

ಮೇಸ್ತ್ರಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಸೈರನ್ನಿನ ಸ್ವಿಚ್ಚಿನ ಪಕ್ಕ ನಿಂತರು. ಮೊದಲ ಸೈರನ್ ಆಯಿತು. ಹೆಂಗಸರು ಶೆಡ್ಡಿಗೆ, ಗಂಡಸರು ಕ್ರಷರಿನ ಹಿಂದಿನ ಗೋಡೆಗೆ. ಇದು ಅಲ್ಲಿನ ವಾಡಿಕೆ. ಚಾಚಾ ತಂತಿ ಕೂಡಿಸಿ ಮುಗಿಸಿ, ಗುಡ್ಡದಾಚೆ ಬಂಡೆಯ ಮರೆಯಿಂದ ಹಸಿರು ಬಾವುಟ ತೋರಿಸಿದರು. ನಾನು ನನ್ನ ಪೆಟ್ಟಿಗೆಗಳನ್ನು ಚಾಲೂ ಮಾಡಿದೆ. ಎರಡನೆಯ ಸೈರನ್. ಪರದೆಯ ಮೇಲೆ ಚುಕ್ಕೆಗಳು ಒಂದೊಂದಾಗಿ ಮೂಡಿದವು. ನಲವತ್ತಮೂರು. ಎಲ್ಲವೂ ಹಸಿರು.

"ಭೇಷ್!" ಎಂದು ಮ್ಯಾನೇಜರು ಮೇಜು ಕುಟ್ಟಿದರು. ಯಜಮಾನರು ನನ್ನ ಬೆನ್ನ ಹಿಂದೆ ನಿಂತು ನಗುತ್ತಿದ್ದರು.

ನಾನು ಒಟ್ಟು ಸಂಖ್ಯೆ ಬಿಟ್ಟು ಅದರ ಕೆಳಗಿನ ಸಾಲು ಓದಿದೆ. ಶೆಡ್ಡು, ಮೂವತ್ತು. ಕ್ರಷರ್, ಹದಿಮೂರು.

ಹೆಂಗಸರು ಹದಿನೇಳೇ ಅಲ್ಲವೇ? ಶೆಡ್ಡಿನಲ್ಲಿ ಇನ್ನೂ ಹದಿಮೂರು ಜನ ಎಲ್ಲಿಂದ ಬಂದರು? ಪಕ್ಕದ ಬಾಗಿಲಿನಿಂದ ಶೆಡ್ಡು ಇಣುಕಿ ನೋಡಿದೆ. ಬರೀ ಹೆಂಗಸರು. ಒಬ್ಬ ಗಂಡಸೂ ಇಲ್ಲ.

"ಸರ್, ಒಂದು ನಿಮಿಷ. ಜಾಗ ತಾಳೆ ಬೀಳ್ತಿಲ್ಲ," ಎಂದೆ.

"ಎಲ್ಲಿದ್ರೇನಮ್ಮ, ಒಟ್ಟು ನಲವತ್ತಮೂರು ಆಯ್ತಲ್ಲ. ಎಲ್ಲಾ ಹಸಿರು ಅಂತ ನೀನೇ ತೋರಿಸ್ತಿದೀಯ," ಎಂದರು ಮ್ಯಾನೇಜರು.

ಕೈಯಲ್ಲಿ ಹಿಡಿಯುವ ಸಣ್ಣ ಅಳತೆಯ ಯಂತ್ರ ಒಂದಿತ್ತು, ಬಿಲ್ಲೆಯ ಹತ್ತಿರ ಹೋದಷ್ಟೂ ಅದರ ಸಂಖ್ಯೆ ಏರುತ್ತದೆ. ಅದನ್ನು ಹಿಡಿದು ಶೆಡ್ಡಿಗೆ ಓಡಿದೆ. ಹೆಂಗಸರ ಹತ್ತಿರ ಹೋದೆ, ಸಂಖ್ಯೆ ಏರಲಿಲ್ಲ. ಗೋಡೆಯ ಕಡೆ ತಿರುಗಿಸಿದೆ, ಏರಿತು. ಗೋಡೆಯ ಉದ್ದಕ್ಕೂ ಮೊಳೆ ಹೊಡೆದು ಊಟದ ಕ್ಯಾರಿಯರ್‌ಗಳನ್ನು ನೇತುಹಾಕಿದ್ದರು. ಸಾಲಾಗಿ, ಸ್ಟೀಲಿನವು.

ಇನ್ನೊಬ್ಬರ ಊಟದ ಡಬ್ಬಿಗೆ ಕೇಳದೆ ಕೈ ಹಾಕುವುದು ನಮ್ಮ ಕಡೆ ಸಣ್ಣ ಮಾತಲ್ಲ. ಅದರಲ್ಲೂ ನಾನು. ಆ ಹೊತ್ತಿನಲ್ಲೂ ಒಂದು ಗಳಿಗೆ ಕೈ ಹಿಂಜರಿಯಿತು. ಆ ಗಳಿಗೆಯನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ. ಕೈಗೆ ಸಿಕ್ಕ ಕ್ಯಾರಿಯರ್ ಇಳಿಸಿ ಕ್ಲಿಪ್ಪು ತೆಗೆದೆ. ಮೇಲಿನ ಡಬ್ಬಿಯಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಎರಡು ಬಿಲ್ಲೆ. ಕೆಳಗಿನದರಲ್ಲಿ ಮುದ್ದೆ.

"ಅದು ನಮ್ದಮ್ಮಾ!" ಎಂದಳು ಡ್ರಿಲ್ಲರನ ಹೆಂಡತಿ.

"ಇದ್ಯಾಕೆ ಇಲ್ಲಿಟ್ಟಿದೀಯ?"

"ನೀನೇ ಯೋಳಿದ್ಯಲ್ಲಮ್ಮಾ, ಚಿನ್ನದಂಗೆ ಮಡಿಕ್ಕೊಳ್ರಿ ಅಂತ. ಧೂಳಾಗೆ, ಬೆವರಾಗೆ ಹಾಳಾಗೋದ್ರೆ? ಬೆಳಗ್ಗೆ ಬಂದ ತಕ್ಷಣ ಭದ್ರವಾಗಿ ಇಟ್ಬಿಡ್ತೀನಿ. ಅಂದರೂ ಅಂತೇ ಮಾಡೋದು, ನೋಡು."

ಅಂದರೂ ಅಂತೇ. ಎಲ್ಲರೂ ಹಾಗೆಯೇ. ಗಂಡನ ಊಟ ಹೊರುವ ಹೆಂಡತಿ ಅವನ ಬಿಲ್ಲೆಯನ್ನೂ, ಅಣ್ಣನ ಊಟ ಹೊರುವ ತಂಗಿ ಅವನದನ್ನೂ ಇಸಿದುಕೊಂಡು ಡಬ್ಬಿಯಲ್ಲಿಟ್ಟು ಕ್ಲಿಪ್ಪು ಹಾಕಿದ್ದರು. ಸ್ಟೀಲಿನ ಸಂದಿಯಿಂದ ಒಂದಿಷ್ಟು ಅಲೆ ತೂರಿಕೊಂಡು, ಪಕ್ಕದಲ್ಲೇ ಇದ್ದ ಶೆಡ್ಡಿನ ಪೆಟ್ಟಿಗೆಗೆ ಮಾತ್ರ ಕ್ಷೀಣವಾಗಿ ಕೇಳಿಸುತ್ತಿತ್ತು. ಅದೇ ತಿಳಿ ಹಸಿರು. ನಾಲ್ಕು ದಿನವೂ ನಾನು ಎಣಿಸಿದ್ದು ಊಟದ ಡಬ್ಬಿಗಳನ್ನು.

"ನಿನ್ ಗಂಡ ಎಲ್ಲವ್ನೆ?"

"ಅಕ್ಕಡ, ಗಂಡಸ್ರ ಜತೆ ಇರ್ತಾನೆ. ಮೇಸ್ತ್ರಿ ಕರ್ಕೊಂಡು ಬಂದಿರ್ತಾರಲ್ಲ," ಎಂದಳು.

ಮೇಸ್ತ್ರಿ ಇವತ್ತು ಗುಂಡಿಗೆ ಇಳಿದಿರಲಿಲ್ಲ. ನಮ್ಮ ಪಕ್ಕದಲ್ಲೇ ನಿಂತಿದ್ದರು.

ಆಫೀಸಿಗೆ ಹೇಗೆ ಬಂದೆನೋ ಗೊತ್ತಿಲ್ಲ. "ನಿಲ್ಲಿಸಿ," ಎಂದೆ. ಧ್ವನಿ ಅರ್ಧವೇ ಹೊರಟಿತು. "ಬಿಲ್ಲೆ ಊಟದ ಡಬ್ಬೀಲಿದೆ. ಜನ ಎಲ್ಲಿದಾರೋ ಗೊತ್ತಿಲ್ಲ."

ಯಜಮಾನರ ನಗು ಹಾಗೇ ನಿಂತುಹೋಯಿತು. "ಏನ್ ಮಾತಾಡ್ತಿದೀಯಮ್ಮ? ನಾಲ್ಕು ದಿನ ಸರಿ ಇತ್ತಲ್ಲ?"

ಮ್ಯಾನೇಜರು ಕಿಟಕಿಯತ್ತ ಕೈ ಮಾಡಿದರು. "ನೋಡಿಲ್ಲಿ, ಗುಂಡೀಲಿ ಒಂದು ನರಪಿಳ್ಳೆ ಇಲ್ಲ. ಎಲ್ಲಾ ಗೋಡೆ ಹಿಂದೆ ಅವ್ರೆ. ಹೆದರ್ಕೋಬೇಡ ನೀನು. ಮೇಸ್ತ್ರೀ, ಒತ್ತಿ."

ಮೇಸ್ತ್ರಿಯ ಬೆರಳು ಸೈರನ್ನಿನ ಸ್ವಿಚ್ಚಿನ ಮೇಲಿತ್ತು. ಅವರು ನನ್ನ ಮುಖ ನೋಡಿದರು, ಮ್ಯಾನೇಜರ ಮುಖ ನೋಡಿದರು. ಮೂವತ್ತು ವರ್ಷ ಹೇಳಿದ್ದು ಕೇಳಿದ ಮನುಷ್ಯ. ಆ ಬೆರಳು ಒತ್ತಿಯೇಬಿಡುತ್ತದೆ ಎಂದು ನನಗೆ ಅನ್ನಿಸಿತು. ವಾದ ಮಾಡುವಷ್ಟು ಧೈರ್ಯ ನನಗಿರಲಿಲ್ಲ, ಧ್ವನಿಯೂ ಇರಲಿಲ್ಲ. ಆದರೆ ಬೋರ್ಡು ನಾನೇ ಜೋಡಿಸಿದ್ದು. ಎರಡು ಹೆಜ್ಜೆ ಹಾಕಿ ಫ್ಯೂಸು ಕಿತ್ತೆ.

ಸೈರನ್ ಸತ್ತಿತು. ನನ್ನ ಪೆಟ್ಟಿಗೆಗಳೂ ಸತ್ತವು. ಪರದೆಯ ಮೇಲಿನ ಚುಕ್ಕೆಗಳು ಒಂದೊಂದಾಗಿ ಬೂದುಬಣ್ಣಕ್ಕೆ ತಿರುಗಿದವು. ಫ್ಯೂಸನ್ನು ಹಿಂದೆ ಬಚ್ಚಿಟ್ಟುಕೊಂಡು ಗೋಡೆಗೆ ಒರಗಿದೆ. ಮ್ಯಾನೇಜರು ಏನೇನೋ ಬೈಯುತ್ತಿದ್ದರು. ಬೇಕಾದರೆ ಹೊಡೆಯಲಿ ಎಂದುಕೊಂಡೆ. ಮೇಸ್ತ್ರಿ ಯಾರ ಅಪ್ಪಣೆಗೂ ಕಾಯದೆ ಹೊರಗೆ ಹೋಗಿ ಕೆಂಪು ಬಾವುಟ ಎತ್ತಿದರು. ಆಮೇಲೆ ಪುಸ್ತಕ ಬಿಚ್ಚಿದರು.

ಮೊದಲು ಶೆಡ್ಡಿನಲ್ಲಿ ಕೂಗಿದರು, ಹದಿನೇಳೂ ಓಗೊಟ್ಟರು. ಕ್ರಷರಿನ ಗೋಡೆಯ ಹಿಂದೆ ಹೋದರು. ಇಪ್ಪತ್ತೈದು.

ಡ್ರಿಲ್ಲರನ ಹೆಂಡತಿ ಅವರ ಹಿಂದೆಯೇ ಹೋಗಿದ್ದಳು. ಎಲ್ಲ ಗಂಡಸರ ಮುಖವನ್ನೂ ಒಂದೊಂದಾಗಿ ನೋಡಿದಳು. "ಲೇಡೇ," ಎಂದಳು. ಇಲ್ಲವಲ್ಲ ಎಂದು. ಆಮೇಲೆ, "ಬೆಳಗ್ಗೆ ಮೈ ಸುಡ್ತಿತ್ತು. ಮಾತ್ರೆ ತಗಂಡು ಎಲ್ಲೋ ನೆಳ್ಳಾಗೆ ಬಿದ್ಕಂಡವ್ನೆ," ಎಂದು ಗುಂಡಿಯ ಕಡೆ ಓಡಲು ಹೊರಟಳು. ಇಬ್ಬರು ಹಿಡಿದುಕೊಂಡರು.

ಅಷ್ಟರಲ್ಲಿ ಚಾಚಾ ಬಂದರು. ಕೀಲಿ ಕೊರಳಲ್ಲೇ ಇತ್ತು. ಮೂರನೆಯ ಸೈರನ್ ಆಗದೆ, ಕೆಂಪು ಬಾವುಟ ಕಂಡು, ಸಿಡಿಸುವ ಪೆಟ್ಟಿಗೆಯಿಂದ ತಂತಿ ಬಿಚ್ಚಿ, ಎರಡೂ ತುದಿ ಸೇರಿಸಿ ತಿರುಚಿ ಬಂದಿದ್ದರು. ಮೇಸ್ತ್ರಿ ಹೇಳಿದ್ದನ್ನು ಕೇಳಿಸಿಕೊಂಡು, "ನಾನು ಮೇಲಿಂದ ಮದ್ದು ತುಂಬಿದೆ. ಬಂಡೆ ಬುಡದಲ್ಲಿ ಏನಿದೆ ಅಂತ ನನಗೆ ಕಾಣಲ್ಲ," ಎಂದರು. ಅದು ಮೇಸ್ತ್ರಿ ನೋಡಿಕೊಂಡು ಬರುತ್ತಿದ್ದ ಜಾಗ.

ಹೋಗುವುದಾದರೆ ಕಾನೂನಿನ ಪ್ರಕಾರ ಅವರೊಬ್ಬರೇ ಹೋಗಬೇಕು. ಮದ್ದು ತುಂಬಿದ ಎರಡು ಸಾಲು ಕುಳಿಗಳ ಕೆಳಗೆ.

"ಬೇಟಿ, ನಿಂದೆಲ್ಲ ಬಂದ್ ಇದೆಯಾ?"

ಮುಷ್ಟಿ ಬಿಚ್ಚಿ ಫ್ಯೂಸು ತೋರಿಸಿದೆ. ಬೆವರಿಗೆ ಒದ್ದೆಯಾಗಿತ್ತು.

"ನಾನು ಬರೋವರ್ಗೂ ಕೈಬಿಡಬೇಡ," ಎಂದು ಹೇಳಿ, ಬಿಸ್ಮಿಲ್ಲಾ ಎಂದು ಇಳಿದರು.

ಆ ಹೊತ್ತನ್ನು ಹೇಗೆ ಬರೆಯಲಿ? ಮೂರು ವಾರ ಒದ್ದಾಡಿದ್ದು ಯಾರು ಎಲ್ಲಿದ್ದಾರೆ ಎಂದು ನೋಡುವುದಕ್ಕೆ. ಈಗ ಇಬ್ಬರು ಗುಂಡಿಯೊಳಗಿದ್ದಾರೆ, ಪರದೆ ಪೂರ್ತಿ ಬೂದುಬಣ್ಣ. ಪೆಟ್ಟಿಗೆಗಳು ಬಂದ್ ಆಗಿವೆ ಎಂದು ಗೊತ್ತಿದ್ದೂ ಯಾವುದೋ ಒಂದು ಇನ್ನೂ ಉಸಿರಾಡುತ್ತಿದೆಯೇನೋ ಎಂಬ ಭಯ. ಬೋರ್ಡು ಜೋಡಿಸಿದ್ದು ಸರಿಯಿತ್ತೇ? ಒಂದು ತಂತಿ ಬೇರೆ ಕಡೆ ಸೇರಿಹೋಗಿದ್ದರೆ? ಹತ್ತು ಪಟ್ಟು ದೂರ ಎಂದು ಅಳೆದದ್ದು ನಾನೇ ತಾನೇ, ಬಿಲ್ಲೆ ಚಿನ್ನ ಎಂದದ್ದೂ ನಾನೇ. ಚಾಚಾ ಒಂದು ಕಲ್ಲಿನ ರಾಶಿ ಸುತ್ತಿದರು, ಮರೆಯಾದರು. ಮ್ಯಾನೇಜರು ಕೂಡ ಹೊರಗೆ ಬಂದು ಕರವಸ್ತ್ರ ಬಾಯಿಗಿಟ್ಟುಕೊಂಡು ನಿಂತಿದ್ದರು. ಡ್ರಿಲ್ಲರನ ಹೆಂಡತಿ ನೆಲದ ಮೇಲೆ ಕೂತಿದ್ದಳು, ಅಳುತ್ತಿರಲಿಲ್ಲ.

ಚಾಚಾ ಮತ್ತೆ ಕಂಡಾಗ ಒಬ್ಬರೇ ಇದ್ದರು. ಆಮೇಲೆ ಅವರು ಬಂಡೆಯ ಬುಡದ ಕಡೆ ಬಗ್ಗಿದರು. ಉರುಳಿಬಿದ್ದ ಒಂದು ದೊಡ್ಡ ಗುಂಡುಕಲ್ಲಿನ ಹಿಂದೆ, ಕುಳಿಗಳ ನೇರ ಕೆಳಗೆ, ತಣ್ಣಗಿನ ಸಂದಿಯೊಂದಿತ್ತು. ಅಲ್ಲಿಂದ ಮೊದಲು ಒಂದು ಟವೆಲ್ ಮೇಲೆದ್ದಿತು. ಆಮೇಲೆ ಟವೆಲ್ ಹೊದ್ದಿದ್ದ ಮನುಷ್ಯ. ಜ್ವರದ ನಿದ್ದೆಯಿಂದ ಎಬ್ಬಿಸಿದ್ದಕ್ಕೆ ಅವನು ಮೊದಲು ಚಾಚಾರ ಕೈ ಕೊಡವಿದ. ಚಾಚಾ ಮೇಲೆ ಕುಳಿಗಳತ್ತ ಬೆರಳು ತೋರಿಸಿದರು. ಅವನು ತಲೆಯೆತ್ತಿ ಕೆಂಪು, ಹಳದಿ ತಂತಿಗಳನ್ನು ನೋಡಿದ. ಟವೆಲ್ ಅಲ್ಲೇ ಬಿಟ್ಟು ಚಾಚಾರ ತೋಳು ಹಿಡಿದುಕೊಂಡ.

ಮೇಲೆ ಬಂದವನ ಕೆನ್ನೆಗೆ ಹೆಂಡತಿ ಎರಡು ಬಾರಿ ಬಾರಿಸಿದಳು. ಆಮೇಲೆ ಅಪ್ಪಿಕೊಂಡು ದೊಡ್ಡ ಧ್ವನಿಯಲ್ಲಿ ಅತ್ತಳು. ಅವನಿಗೆ ಆ ಅಳು ಕೇಳಿಸಲಿಲ್ಲ, ಅವಳ ಬೆನ್ನು ತಟ್ಟುತ್ತಾ ನಮ್ಮನ್ನೆಲ್ಲ ನೋಡುತ್ತಿದ್ದ.

ಮುಂದೆ ಆದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಯಜಮಾನರು ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ವರದಿಯಲ್ಲಿ ಡಬ್ಬಿಯ ವಿಷಯ ಬರೆಯಬೇಡ ಎಂದರು, ಬರೆದೆ. ನನ್ನ ಭಾಷಣದ ವಿಷಯವನ್ನೂ ಬರೆದೆ. ಬಿಲ್ಲೆಗಳನ್ನು ಹೆಲ್ಮೆಟ್ಟಿಗೆ ರಿವೆಟ್ ಹೊಡೆದು ಕೂರಿಸಿದೆವು. ಪರದೆ ನೋಡಿದ ಮೇಲೂ ಹೆಸರು ಕೂಗಬೇಕು ಎಂದು ಆಫೀಸಿನ ಗೋಡೆಯ ಮೇಲೆ ಬರೆಸಿದೆವು. ಎರಡನೆಯ ಸಿಡಿತದ ಆಸೆಯನ್ನು ಮ್ಯಾನೇಜರು ಬಿಟ್ಟರು.

ಆದರೆ ಅವತ್ತಿನ ಕೆಲಸ ಇನ್ನೂ ಮುಗಿದಿರಲಿಲ್ಲ. ತುಂಬಿದ ಮದ್ದನ್ನು ಹಾಗೇ ಬಿಟ್ಟು ಮನೆಗೆ ಹೋಗುವಂತಿಲ್ಲ, ಅವತ್ತೇ ಸಿಡಿಸಬೇಕು. ಚಾಚಾ ಮತ್ತೆ ಗುಡ್ಡದಾಚೆ ಹೋದರು. ಅವರು ಹೇಳಿ ಕಳಿಸಿದ ಮೇಲೆ ನಾನು ಫ್ಯೂಸು ಹಾಕಿದೆ, ಸೈರನ್ನಿಗೆ ಮಾತ್ರ. ಪೆಟ್ಟಿಗೆಗಳ ತಂತಿಯನ್ನು ಬೋರ್ಡಿನಿಂದಲೇ ಬಿಡಿಸಿ ಹಾಕಿದ್ದೆ. ಮೇಸ್ತ್ರಿ ಎಲ್ಲರನ್ನೂ, ಗಂಡಸರನ್ನೂ ಹೆಂಗಸರನ್ನೂ, ಊಟದ ಶೆಡ್ಡಿನಲ್ಲೇ ನಿಲ್ಲಿಸಿ ಪುಸ್ತಕ ಬಿಚ್ಚಿದರು. ಒಂದೊಂದು ಹೆಸರಿಗೂ "ಇದೀನಿ", "ಉನ್ನಾ", "ಹ್ಞೂಂ". ಡ್ರಿಲ್ಲರನ ಹೆಸರಿಗೆ ಅವನ ಹೆಂಡತಿ ಅವನ ಕೈ ಹಿಡಿದು ಮೇಲೆತ್ತಿದಳು. ನಾನು ಮೂಲೆಯಲ್ಲಿ ಮಂಡಿ ತಬ್ಬಿಕೊಂಡು ಕೂತಿದ್ದೆ. ನಲವತ್ತಮೂರು ಮುಗಿಯಿತು.

ಮೇಸ್ತ್ರಿ ಪುಸ್ತಕ ಮುಚ್ಚಲಿಲ್ಲ. ಕಿವಿಯ ಸಂದಿಯ ಪೆನ್ನು ತೆಗೆದರು. "ಕಂಪ್ಯೂಟರಮ್ಮಾ, ನಿನ್ ಹೆಸರೇನು?"

ಮೂರು ವಾರದಲ್ಲಿ ಯಾರೂ ಕೇಳಿರಲಿಲ್ಲ. ನಲವತ್ತಮೂರು ಜನಕ್ಕೆ ಬಿಲ್ಲೆ ಕೊಟ್ಟವಳು ನನಗೊಂದು ಇಟ್ಟುಕೊಂಡಿರಲಿಲ್ಲ. ಮೊದಲ ವಾರ ದಿನವಿಡೀ ಆ ಗುಂಡಿಯಲ್ಲಿ ಒಬ್ಬಳೇ ನಡೆದಿದ್ದೆ. ಹೆಸರು ಹೇಳಿದೆ. ಅವರು ಅಕ್ಷರ ಕೂಡಿಸಿ ಬರೆದುಕೊಂಡು, ಮಿಕ್ಕವರದನ್ನು ಕೂಗಿದ ಹಾಗೆಯೇ ಜೋರಾಗಿ ಕೂಗಿದರು.

ಇದೀನಿ ಎನ್ನಬೇಕಿತ್ತು. ಬಾಯಿ ತೆರೆದೆ, ಧ್ವನಿ ಬರಲಿಲ್ಲ. ಮೇಸ್ತ್ರಿ ಕಾದರು. ಮತ್ತೊಮ್ಮೆ ಕೂಗಿದರು. ಡ್ರಿಲ್ಲರನ ಹೆಂಡತಿ ಎದ್ದು ಬಂದು ಪಕ್ಕದಲ್ಲಿ ಕೂತು, ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇಲ್ಲವ್ಳೆ ಕಣಣ್ಣಾ," ಎಂದಳು. "ನನ್ ಕೈಯಾಗವ್ಳೆ. ಬರ್ಕೋ."

ಅವರು ಬರೆದುಕೊಂಡರು. ಆಮೇಲೆ ಮೂರನೆಯ ಸೈರನ್ ಕೂಗಿತು.